ಡಾಟ್ ಕಾಮ್ ಕೊಳ್ಳುವ ಮೊದಲು ಮೇಲ್ಮನವಿ

ವಿಳಾಸದ ಕೊನೆಗೆ ‘ಗವ್.ಇನ್’ ಇದ್ದರೆ ಅಸಲಿ, ಇಲ್ಲದಿದ್ದರೆ ಮುಟ್ಟಬೇಡಿ. ಪೊಲೀಸರು, ಬ್ಯಾಂಕಿನವರು, ಅಪಾರ್ಟ್‌ಮೆಂಟ್ ಸಂಘದ ವಾಟ್ಸ್ಯಾಪ್ ಗುಂಪಿನವರು, ಎಲ್ಲರೂ ಈಗ ಹೇಳುವ ಬುದ್ಧಿಮಾತು ಇದು. ಬೆಂಗಳೂರಿನ ಬನಶಂಕರಿ ಕಡೆಯ ಕತ್ರಿಗುಪ್ಪೆಯ ನಿವಾಸಿಗೆ ಹೀಗೆ ಬುದ್ಧಿ ಹೇಳುವುದು ಅನ್ಯಾಯ ಎನ್ನುವುದು ನನ್ನ ವಾದ.

ಬನಶಂಕರಿಯ ಬಡಾವಣೆಗಳನ್ನು ಮಾಡಿದ ಬಿಡಿಎ ವರ್ಷಗಟ್ಟಲೆ ವ್ಯವಹರಿಸಿದ್ದು ‘ಡಾಟ್ ಆರ್ಗ್’ ವಿಳಾಸದಲ್ಲಿ. ಬಿಎಂಟಿಸಿ ಬಹುಕಾಲ ‘ಡಾಟ್ ಕಾಮ್’ನಲ್ಲಿತ್ತು. ಮೆಟ್ರೊ ನಿಗಮದ್ದು ‘ಕೊ.ಇನ್’, ಕೆಎಸ್‌ಆರ್‌ಟಿಸಿಯದು ಬರೀ ‘ಡಾಟ್ ಇನ್’. ಬುದ್ಧಿಮಾತನ್ನು ಅಕ್ಷರಶಃ ಪಾಲಿಸುವವರು ಮೆಟ್ರೊ ತಾಣವನ್ನೂ ಮುಟ್ಟುವಂತಿಲ್ಲ. 2023ರ ಆಗಸ್ಟ್‌ನಲ್ಲಿ ಸಾರಿಗೆ ಇಲಾಖೆ, 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಫಲಕ ಕಡ್ಡಾಯ ಮಾಡಿತು. ಆಗ ಇಲಾಖೆಯ ತಾಣದ ಜೊತೆಗೆ ವಾಹನ ತಯಾರಕರ ಸಂಘದ ‘ಸಿಯಾಮ್.ಇನ್’ ಮೂಲಕವೂ ಬುಕ್ ಮಾಡಿ ಎಂದರು. ನೋಡನೋಡುತ್ತ ನಕಲಿ ತಾಣಗಳು ಹುಟ್ಟಿಕೊಂಡವು, ಜನ ದುಡ್ಡು ಕಳೆದುಕೊಂಡರು, ಎಚ್ಚರಿಕೆಯ ಪ್ರಕಟಣೆಗಳು ಬಂದವು. ಅಸಲಿಯೇ ಖಾಸಗಿ ವಿಳಾಸದಲ್ಲಿದ್ದಾಗ ನಕಲಿಯನ್ನು ಗುರುತಿಸುವುದು ಹೇಗೆ?

ಕಚೇರಿಗಳ ಪರವಾಗಿ ಒಂದು ಸಮರ್ಥನೆ ಕೇಳಿಬರುತ್ತದೆ. ‘ಗವ್.ಇನ್’ ಕೊಡುವ ಎನ್‌ಐಸಿ ಪತ್ರ ಕೇಳುತ್ತದೆ, ಅರ್ಹತೆ ನೋಡುತ್ತದೆ, ಅರ್ಜಿ ತಿರಸ್ಕರಿಸುತ್ತದೆ. ಡಾಟ್ ಕಾಮ್ ಆದರೆ ಸಾವಿರ ರೂಪಾಯಿಗೆ ಕೂತಲ್ಲೇ ಸಿಗುತ್ತದೆ. ಆದ್ದರಿಂದ ನಿಯಮ ಸಡಿಲಿಸಿ ಎನ್ನುತ್ತಾರೆ. ಇದನ್ನು ಒಪ್ಪಲಾರೆ. ಸಡಿಲವಾದರೆ ಏನಾಗುತ್ತದೆಂದು ಅಮೆರಿಕ ನೋಡಿದೆ. 2019ರಲ್ಲಿ ಒಬ್ಬರು ರೋಡ್ ಐಲೆಂಡಿನ ಎಕ್ಸೆಟರ್ ಎಂಬ ಪುಟ್ಟ ಊರಿನ ಹೆಸರಲ್ಲಿ ಸುಳ್ಳು ಪತ್ರ ಕೊಟ್ಟು ‘ಡಾಟ್ ಗವ್’ ವಿಳಾಸವನ್ನೇ ಪಡೆದುಬಿಟ್ಟರು. ಮರುವರ್ಷ ಮಾರ್ಚ್‌ನಿಂದ ಅಲ್ಲಿ ಅರ್ಜಿಗೆ ನೋಟರಿ ಎದುರಿನ ಸಹಿ ಬೇಕಾಯಿತು. ತಿರಸ್ಕರಿಸುವ ಅಧಿಕಾರ ಇದ್ದರೇ ಆ ವಿಳಾಸಕ್ಕೆ ಬೆಲೆ.

ತಪ್ಪಿರುವುದು ತಿರಸ್ಕಾರದ ನಂತರದ ಹೆಜ್ಜೆಯಲ್ಲಿ. ‘ಇಲ್ಲ’ ಎಂಬ ಉತ್ತರ ಬಂದ ಕೂಡಲೇ ಕಚೇರಿ ಅರ್ಜಿಯನ್ನು ಮಡಚಿಟ್ಟು ಖಾಸಗಿ ವಿಳಾಸ ಕೊಂಡರೆ ಅದರ ಬೆಲೆ ತೆರುವವರು ನಾಗರಿಕರು. ಕಾರಣ ಕೇಳಬೇಕು, ಲೋಪ ತಿದ್ದಬೇಕು, ಮೇಲ್ಮನವಿ ಹಾಕಬೇಕು. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ ಆಡಳಿತಾತ್ಮಕ ನಿರ್ಧಾರಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸುವುದು ಪ್ರಾಧಿಕಾರದ ಹೊಣೆ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಬಂದ ‘ಸಕಾಲ’ ಸೇವಾ ಖಾತರಿ ವ್ಯವಸ್ಥೆಯಲ್ಲಿ ಅರ್ಜಿ ತಿರಸ್ಕೃತವಾದ ನಾಗರಿಕ ಸಕ್ಷಮ ಅಧಿಕಾರಿಗೆ, ಆಮೇಲೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಜನರಿಗೆ ಈ ದಾರಿ ಕಲಿಸಿದ ಸರ್ಕಾರ ತನ್ನ ಕಚೇರಿಗಳಿಗೂ ಅದನ್ನೇ ಕಲಿಸಬೇಕು. ಬ್ರಿಟನ್ನಿನಲ್ಲಿ ಹಳ್ಳಿಯ ಪ್ಯಾರಿಷ್ ಕೌನ್ಸಿಲ್ ಕೂಡ ‘ಗವ್.ಯುಕೆ’ ಕೇಳಬಹುದು, ಸಿಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ಮೇಲ್ಮನವಿಯಿಂದ ಏನೂ ಆಗದು ಎನ್ನುವವರು ಬಲ್ಗೇರಿಯವನ್ನು ನೋಡಲಿ. ತನ್ನದೇ ಲಿಪಿಯಲ್ಲಿ ಅದು ಕೇಳಿದ ಎರಡಕ್ಷರದ ವಿಳಾಸವನ್ನು 2010ರಲ್ಲಿ ಜಗತ್ತಿನ ಅಂತರ್ಜಾಲ ವಿಳಾಸಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ ನಿರಾಕರಿಸಿತು. ಬ್ರೆಜಿಲ್‌ನ ‘ಬಿಆರ್’ ಜೊತೆ ಕಣ್ಣಿಗೆ ಗೊಂದಲವಾಗುತ್ತದೆ ಎಂಬುದು ಕಾರಣ. ಬಲ್ಗೇರಿಯ ಬೇರೆ ಹೆಸರಿಗೆ ಒಪ್ಪದೆ ಪಟ್ಟುಹಿಡಿಯಿತು. ಮರುಪರಿಶೀಲನೆಗೆ ಪ್ರತ್ಯೇಕ ಸಮಿತಿಯೇ ಬಂತು, 2014ರಲ್ಲಿ ಅನುಮತಿ ದೊರೆಯಿತು. ಅಷ್ಟು ದೂರವೂ ಹೋಗಬೇಕಿಲ್ಲ. ‘ಕೆಎಸ್‌ಆರ್‌ಟಿಸಿ’ ಎಂಬ ಹೆಸರಿಗೆ ಕೇರಳ ತಕರಾರು ತೆಗೆದಾಗ ನಮ್ಮ ನಿಗಮ ಕೈಚೆಲ್ಲಲಿಲ್ಲ. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಬಸ್ಸಿನ ಮೇಲಿನ ಹೆಸರಿಗಾಗಿ ತೋರಿದ ಹಟ ಟಿಕೆಟ್ ಕೊಳ್ಳುವ ತಾಣದ ವಿಳಾಸಕ್ಕೂ ಬೇಕಿತ್ತು.

ಬೆಸ್ಕಾಂ, ಜಲಮಂಡಳಿ, ಬಿಎಂಟಿಸಿ ಈಗ ‘ಕರ್ನಾಟಕ.ಗವ್.ಇನ್’ ಅಡಿಯಲ್ಲಿವೆ. ಇದು ಸಾಧ್ಯ ಎನ್ನುವುದಕ್ಕೆ ಇಷ್ಟು ಸಾಕು. ಇನ್ನು ಮುಂದೆ ಯಾವುದೇ ಕಚೇರಿ ಖಾಸಗಿ ವಿಳಾಸಕ್ಕೆ ಹಣ ಮಂಜೂರು ಮಾಡುವ ಮೊದಲು ತಿರಸ್ಕಾರದ ಆದೇಶವನ್ನೂ ಮೇಲ್ಮನವಿಯ ಉತ್ತರವನ್ನೂ ಕಡತದಲ್ಲಿ ಇಡಬೇಕು, ಲೆಕ್ಕಪರಿಶೋಧಕರು ಅದನ್ನು ಕೇಳಬೇಕು. ಸ್ಥಳಾಂತರಗೊಂಡವರು ಹಳೆಯ ವಿಳಾಸವನ್ನು ಬಿಟ್ಟುಬಿಡುವಂತೆಯೂ ಇಲ್ಲ. ನವೀಕರಣದ ಶುಲ್ಕ ತಪ್ಪಿದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಫೋನಿನಲ್ಲಿ ಉಳಿದ ಹಳೆಯ ಕೊಂಡಿ ಒತ್ತಿದ ಪ್ರಯಾಣಿಕರು ಹೋಗಿ ನಿಲ್ಲುವುದು ಆ ಹೊಸ ಮಾಲೀಕನ ಬಾಗಿಲಲ್ಲಿ.