ದೋಷದ ಸ್ಥಾನ, ದೋಷದ ಸಮಯ: ಚೀನೀ–ಇಂಗ್ಲಿಷ್ ಮೌಖಿಕ ಭಾಷಾಂತರದ ಕಲಿಕೆ

ಚೀನೀ–ಇಂಗ್ಲಿಷ್ ಮೌಖಿಕ ಭಾಷಾಂತರವನ್ನು ಕಲಿಯುವವರ ದೋಷಗಳನ್ನು ವರ್ಗೀಕರಿಸಿ, ಅವುಗಳಿಗೆಲ್ಲ ಮಾತೃಭಾಷೆಯ ಪ್ರಭಾವವೇ ಕಾರಣವೆಂದು ಮುಗಿಸಿಬಿಡುವ ರೂಢಿಯುಂಟು. ಈ ವಿವರಣೆ ತಪ್ಪಲ್ಲ, ಅಪೂರ್ಣ ಎಂಬುದು ನಮ್ಮ ವಾದ.

ಮೊದಲು ಸರ್ವನಾಮವನ್ನು ಗಮನಿಸೋಣ. ಇಂದಿನ ಚೀನೀ ಬರಹದಲ್ಲಿ ‘ಅವನು’, ‘ಅವಳು’ ಎಂಬುವಕ್ಕೆ ಬೇರೆ ಬೇರೆ ಲಿಪಿಚಿಹ್ನೆಗಳಿವೆ. ಈ ಭೇದ ರೂಢಿಗೆ ಬಂದದ್ದು 20ನೆಯ ಶತಮಾನದ ಆರಂಭದ ದಶಕಗಳಲ್ಲಿ. ಉಚ್ಚಾರಣೆ ಮಾತ್ರ ಎರಡಕ್ಕೂ ‘ತಾ’ ಎಂದೇ. ಹಾಗಾಗಿ ಮಹಿಳೆಯೊಬ್ಬರ ಕುರಿತ ಮಾತನ್ನು ಇಂಗ್ಲಿಷಿಗೆ ತರುವಾಗ ಕಲಿಕಾರ್ಥಿಯ ಬಾಯಲ್ಲಿ ‘ಶೀ’ ಬದಲು ‘ಹೀ’ ಬರುತ್ತದೆ. ಆದರೆ ಅನೇಕರು ಮರುಕ್ಷಣವೇ ಅದನ್ನು ತಿದ್ದಿಕೊಳ್ಳುತ್ತಾರೆ. ಅವರಿಗೆ ನಿಯಮ ತಿಳಿದಿಲ್ಲವೆನ್ನುವುದು ಹೇಗೆ?

ಸಂಖ್ಯೆಗಳ ವಿಷಯವೂ ಹೀಗೆಯೇ. ಚೀನೀಯಲ್ಲಿ ‘ವಾನ್’ ಎಂದರೆ 10,000. ‘ಸಾನ್ ಷಿ ವಾನ್’ ಎಂದರೆ ಮೂವತ್ತು ‘ವಾನ್’, ಅಂದರೆ 3,00,000. ‘ಮೂವತ್ತ’ನ್ನು ಉಳಿಸಿಕೊಂಡು ‘ವಾನ್’ ಸ್ಥಾನದಲ್ಲಿ ‘ಥೌಸಂಡ್’ ಇಟ್ಟ ಕಲಿಕಾರ್ಥಿ ‘ಥರ್ಟಿ ಥೌಸಂಡ್’ ಎನ್ನುತ್ತಾನೆ. ಮೊತ್ತ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲಕ್ಷ, ಕೋಟಿಗಳಲ್ಲಿ ಎಣಿಸುವ ಕನ್ನಡಿಗರು ‘ಮಿಲಿಯನ್’ ಕೇಳಿದೊಡನೆ ತಡವರಿಸುವುದೂ ಇಂಥದ್ದೇ. ಲೆಕ್ಕ ಗೊತ್ತಿಲ್ಲವೆಂದಲ್ಲ, ಲೆಕ್ಕಕ್ಕೆ ಬಿಡುವಿಲ್ಲ.

ಎಸ್. ಪಿ. ಕಾರ್ಡರ್ 1967ರಲ್ಲಿಯೇ ಜ್ಞಾನದ ಕೊರತೆಯನ್ನು ತೋರುವ ವ್ಯವಸ್ಥಿತ ದೋಷವನ್ನು, ಆಯಾಸ ಅಥವಾ ಮರೆವಿನಿಂದಾಗುವ ಆಕಸ್ಮಿಕ ತಪ್ಪಿನಿಂದ ಬೇರ್ಪಡಿಸಿದ್ದರು. ಡಾನಿಯೆಲ್ ಜಿಲ್ ಅವರ ‘ಶ್ರಮ ಮಾದರಿ’ಯ ಪ್ರಕಾರ ಆಲಿಸುವುದು, ನೆನಪಿಡುವುದು, ನುಡಿಯುವುದು ಇವೆಲ್ಲ ಒಂದೇ ಸೀಮಿತ ಸಾಮರ್ಥ್ಯವನ್ನು ಹಂಚಿಕೊಳ್ಳುತ್ತವೆ, ಒಂದರ ಹೊರೆ ಹೆಚ್ಚಿದರೆ ಇನ್ನೊಂದು ಸೊರಗುತ್ತದೆ. ಇವೆರಡನ್ನೂ ಕೂಡಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ದೋಷ ಎಲ್ಲಿ ಸಂಭವಿಸಬಹುದೆಂಬುದನ್ನು ಮಾತೃಭಾಷೆ ಸೂಚಿಸುತ್ತದೆ, ಯಾವಾಗ ಸಂಭವಿಸುತ್ತದೆಂಬುದನ್ನು ಬಹುಮಟ್ಟಿಗೆ ಹೊರೆ ನಿರ್ಧರಿಸುತ್ತದೆ.

ಈ ಭೇದ ಕೇವಲ ಪಾರಿಭಾಷಿಕವಲ್ಲ. ‘ಹೀ’ ಎಂದು ತಪ್ಪಿದವನಿಗೆ ಸರ್ವನಾಮದ ಪಾಠವನ್ನು ಮತ್ತೆ ಹೇಳಿಕೊಡುವುದು ಅವನಿಗೆ ತಿಳಿದದ್ದನ್ನೇ ಒಪ್ಪಿಸಿದಂತೆ. ಅವನಿಗೆ ಬೇಕಾದದ್ದು ವೇಗದ ಅಭ್ಯಾಸ, ಅಂಕಿಗಳನ್ನು ಗುರುತುಹಾಕಿಕೊಳ್ಳುವ ಕ್ರಮ. ಆದ್ದರಿಂದ ದೋಷವನ್ನು ಎಣಿಸುವ ಮೊದಲು, ಅದೇ ವಾಕ್ಯವನ್ನು ಅದೇ ಕಲಿಕಾರ್ಥಿಯಿಂದ ಬಿಡುವಾಗಿ ಬರೆಯಿಸಿ ನೋಡಬೇಕೆಂದು ನಾವು ಸೂಚಿಸುತ್ತೇವೆ. ಬರಹದಲ್ಲಿಯೂ ಉಳಿಯುವ ದೋಷವನ್ನು ಮಾತ್ರ ಭಾಷಾಜ್ಞಾನದ ಲೆಕ್ಕಕ್ಕೆ ಸೇರಿಸುವುದು ನ್ಯಾಯ.