ಪ್ರತಿಜ್ಞೆಗೂ ಟಿ.ಸಿ.ಗೂ ನಡುವೆ

ಪ್ರತಿ ವರ್ಷ ಜೂನ್ 26ರಂದು ಶಾಲಾ ಕಾಲೇಜುಗಳ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತು, ಬಲಗೈ ಮುಂದೆ ಚಾಚಿ, ಮಾದಕ ವಸ್ತು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಾರೆ. ಮುಂದೆ ಅವರಲ್ಲೇ ಒಬ್ಬ ಗಾಂಜಾ ಸೇದಿ ಸಿಕ್ಕಿಬಿದ್ದರೆ, ಅಪ್ಪ ಅಮ್ಮನನ್ನು ಕರೆಸಿ ಟಿ.ಸಿ. ಕೈಗಿಡುವುದೂ ಹಲವೆಡೆ ರೂಢಿ. ಹದಿಹರೆಯದವರ ವ್ಯಸನಕ್ಕೆ ನಮ್ಮ ಶಿಕ್ಷಣ ವ್ಯವಸ್ಥೆ ಕಂಡುಕೊಂಡಿರುವ ಈ ಎರಡು ಉತ್ತರಗಳಲ್ಲಿ ಮೊದಲನೆಯದರಿಂದ ಚಟ ತಡೆಯಲಾಗುವುದಿಲ್ಲ; ಎರಡನೆಯದು ಚೇತರಿಕೆಯ ದಾರಿಯನ್ನೇ ಮುಚ್ಚುತ್ತದೆ.

ಬರೀ ಉಪದೇಶದ ಫಲವೇನೆಂಬುದಕ್ಕೆ ಅಮೆರಿಕದ ಅನುಭವ ಕಣ್ಣಮುಂದಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ‘ಡೇರ್’ ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುತ್ತಿದ್ದರು. ಅದು ದೇಶದಾದ್ಯಂತ ಹಬ್ಬಿತು. ಆದರೆ ಆ ಪಾಠ ಕೇಳಿದ ಮಕ್ಕಳನ್ನು ಕೇಳದವರೊಂದಿಗೆ ಹೋಲಿಸಿದ ಅಧ್ಯಯನಗಳಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಮ್ಮ ಮಕ್ಕಳ ಚಟವಂತೂ ಪ್ರತಿಜ್ಞೆಯ ಕಲ್ಪನೆಗೇ ಬಾರದ ಕಡೆ ಇದೆ. ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಿಗಿಂತ ಮಕ್ಕಳೇ ಹೆಚ್ಚು ಪ್ರಮಾಣದಲ್ಲಿ ಬಳಸುವ ಅಮಲು ಒಂದೇ, ಮೂಸುವ ರಾಸಾಯನಿಕ: 10ರಿಂದ 17 ವರ್ಷದವರಲ್ಲಿ ಶೇ 1.17, ವಯಸ್ಕರಲ್ಲಿ ಶೇ 0.58. ಪಂಕ್ಚರ್ ಸಲ್ಯೂಷನ್, ವೈಟ್‌ನರ್, ಥಿನ್ನರ್ ಬಟ್ಟೆಗೆ ಸುರಿದುಕೊಂಡು ಮೂಗಿಗೆ ಒತ್ತಿಕೊಳ್ಳುವ ಮಕ್ಕಳಲ್ಲಿ ಶಾಲೆ ಬಿಟ್ಟವರು, ಬೀದಿಯಲ್ಲಿ ಬೆಳೆಯುವವರು ಬಹಳ. ಟಿ.ಸಿ. ಪಡೆದ ಹುಡುಗನನ್ನು ನಾವು ನೂಕುವುದೂ ಅದೇ ಬೀದಿಗೆ.

‘ಒಬ್ಬನಿಂದ ಹತ್ತು ಜನ ಕೆಡುತ್ತಾರೆ, ಅವರನ್ನು ಕಾಪಾಡಬೇಡವೇ?’ ಎಂದು ಮುಖ್ಯೋಪಾಧ್ಯಾಯರು ಕೇಳಬಹುದು. ಆತಂಕ ನಿಜವಾದದ್ದೇ. ಆದರೆ ಹೊರಹಾಕಿದ ಹುಡುಗ ಸಂಜೆ ಅದೇ ಓಣಿಯಲ್ಲಿ ಅದೇ ಗೆಳೆಯರಿಗೆ ಸಿಗುತ್ತಾನೆ. ತಪ್ಪಿಹೋಗುವುದು ಅವನ ಮೇಲಿದ್ದ ಮೇಷ್ಟ್ರ ಕಣ್ಣು ಮಾತ್ರ. ಮಾರುವವನನ್ನೂ ಸೇದುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕ ಕಾನೂನಿಗೇ ಇದೆ. 2015ರ ಬಾಲನ್ಯಾಯ ಕಾಯ್ದೆ ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ 7 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಕಠಿಣವೆಂದು ಹೆಸರಾದ ಕಾನೂನೇ ತೆರೆದಿಟ್ಟ ಬಾಗಿಲನ್ನು ಶಾಲೆ ಮುಚ್ಚುವುದು ನ್ಯಾಯವಲ್ಲ.

ಚಿಕಿತ್ಸೆ ಪಡೆದವರು ಮತ್ತೆ ಜಾರುವುದುಂಟು. ಅದು ಕೈಬಿಡಲು ಕಾರಣವಲ್ಲ, ಚಿಕಿತ್ಸೆ ಮುಂದುವರಿಸಬೇಕೆಂಬ ಸೂಚನೆ. ಟಿ.ಸಿ. ಬದಲು ವೈದ್ಯಕೀಯ ರಜೆ, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೋ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೋ ಒಂದು ಪತ್ರ, ಮರಳಿದಾಗ ಅದೇ ತರಗತಿಯಲ್ಲಿ ಜಾಗ: ಇಷ್ಟನ್ನು ನಿಯಮವಾಗಿಸಬೇಕು. ಎಷ್ಟು ಮಕ್ಕಳು ಪ್ರತಿಜ್ಞೆ ಮಾಡಿದರು ಎಂಬುದಕ್ಕಿಂತ, ಜಾರಿಬಿದ್ದವರಲ್ಲಿ ಎಷ್ಟು ಮಂದಿ ವಾಪಸಾಗಿ ಪರೀಕ್ಷೆ ಬರೆದರು ಎಂಬ ಲೆಕ್ಕವನ್ನು ಇಲಾಖೆ ಕೇಳಲಿ.