ಚೀಟಿಗಳ ಲೆಕ್ಕ

ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ 2008ರಲ್ಲಿ ಬಂದಾಗ ಅದರ ಕಥಾವಸ್ತು ತೀರಾ ಹೊಸದೇನಾಗಿರಲಿಲ್ಲ. ಮಕ್ಕಳನ್ನು ಒಂದು ಜಾಗಕ್ಕೆ ತಳ್ಳಿ, ಒಬ್ಬರೇ ಉಳಿಯುವ ತನಕ ಬಡಿದಾಡಿಸುವ ಸರ್ಕಾರವನ್ನು ಜಪಾನಿನ ಕೌಶುನ್ ತಕಾಮಿ 1999ರಲ್ಲೇ ‘ಬ್ಯಾಟಲ್ ರಾಯಲ್’ನಲ್ಲಿ ಚಿತ್ರಿಸಿದ್ದರು. ಕಾಲಿನ್ಸ್ ಮಾತ್ರ ಗ್ರೀಕರ ಥೀಸಿಯಸ್ ಕತೆಯ ಹೆಸರು ಹೇಳುತ್ತಾರೆ. ಟೀವಿಯ ಮುಂದೆ ಕೂತು ಚಾನೆಲ್ ಬದಲಿಸುವಾಗ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ಒಂದರೊಳಗೊಂದು ಬೆರೆತದ್ದನ್ನೂ ನೆನೆಯುತ್ತಾರೆ. ಈ ಮೂಲಗಳೆಲ್ಲ ಸಂದರ್ಶನಕ್ಕೆ ಚೆನ್ನ. ಕಾದಂಬರಿ ನಿಂತಿರುವುದು ಒಂದು ಕೂಡುವ ಲೆಕ್ಕದ ಮೇಲೆ.

ಪನೆಮ್ ಎಂಬ ಆ ದೇಶದಲ್ಲಿ ಕಣಕ್ಕಿಳಿಯುವ ಮಕ್ಕಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಹನ್ನೆರಡು ತುಂಬಿದ ಮಗುವಿನ ಹೆಸರಿನಲ್ಲಿ ಒಂದು ಚೀಟಿ ಬೀಳುತ್ತದೆ. ಹದಿಮೂರಕ್ಕೆ ಎರಡು, ಹದಿನಾಲ್ಕಕ್ಕೆ ಮೂರು, ಹೀಗೆ ಹದಿನೆಂಟರ ತನಕ. ಹೊಟ್ಟೆಗಿಲ್ಲದವರಿಗೆ ಇನ್ನೊಂದು ದಾರಿಯಿದೆ. ಹೆಚ್ಚುವರಿ ಚೀಟಿ ಹಾಕಿಸಿಕೊಂಡರೆ ಒಬ್ಬರಿಗೆ ವರ್ಷಕ್ಕಾಗುವಷ್ಟು, ಅದೂ ಅರೆಹೊಟ್ಟೆಗೆ, ಕಾಳು ಮತ್ತು ಎಣ್ಣೆ ಸಿಗುತ್ತದೆ. ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಚೀಟಿ. ಅವೂ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತವೆ. ಕತೆ ಹೇಳುವ ನಾಯಕಿ, ಹದಿನಾರರ ಕ್ಯಾಟ್ನಿಸ್‌ಗೆ ವಯಸ್ಸಿನದು ಐದು, ತಾಯಿ, ತಂಗಿ, ತಾನು, ಮೂವರ ಐದು ವರ್ಷದ ಕಾಳಿನದು ಹದಿನೈದು, ಒಟ್ಟು 20. ಐದು ಜನರ ಸಂಸಾರ ಹೊತ್ತ ಅವಳ ಗೆಳೆಯ, ಹದಿನೆಂಟರ ಗೇಲ್‌ನದು ಏಳು ಮತ್ತು ಮೂವತ್ತೈದು, 42. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ಕಾರ್ಡಿನಲ್ಲಿ ಎಷ್ಟು ಹೆಸರಿದೆ ಎಂದು ಎಣಿಸಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದ ಮೇಲೆ ಕಾಲಿನ್ಸ್ ಸರ್ವಾಧಿಕಾರದ ಬಗ್ಗೆ ಭಾಷಣ ಬಿಗಿಯುವುದಿಲ್ಲ. ಮೇಯರನ ಮನೆಯ ಹಿಂಬಾಗಿಲಿಗೆ ಸ್ಟ್ರಾಬೆರಿ ಮಾರಲು ಹೋದ ಗೇಲ್, ಬಿಳಿ ಉಡುಪು ತೊಟ್ಟು ನಿಂತ ಮೇಯರನ ಮಗಳನ್ನು ಚುಚ್ಚುತ್ತಾನೆ: ನಿನ್ನವು ಎಷ್ಟಿರಬಹುದು, ಐದು? ಹನ್ನೆರಡಕ್ಕೇ ನನ್ನವು ಆರಿದ್ದವು. ಆ ಹುಡುಗಿ ಮಾಡಿದ ತಪ್ಪೇನೂ ಇಲ್ಲ ಎಂಬುದು ಅವನಿಗೂ ಗೊತ್ತು. ಹಸಿದವರು ಉಂಡವರ ಮೇಲೆ ಹರಿಹಾಯುವಂತೆ ಮಾಡಿಟ್ಟ ಏರ್ಪಾಡು ಒಂದು ಹಿತ್ತಿಲ ಬಾಗಿಲಲ್ಲಿ ಪೂರ್ತಿ ಕಾಣಿಸಿಬಿಡುತ್ತದೆ. ಅಧ್ಯಾಯದ ಕೊನೆಗೆ ಬರುವ ಹೆಸರಾದರೋ ಒಂದೇ ಒಂದು ಚೀಟಿಯಿದ್ದ ತಂಗಿ ಪ್ರಿಮ್‌ದು.

ತಕಾಮಿಯವರೂ ಎಣಿಸುತ್ತಾರೆ. 42 ವಿದ್ಯಾರ್ಥಿಗಳ ತರಗತಿ. ಇನ್ನೆಷ್ಟು ಮಂದಿ ಉಳಿದರು ಎಂಬ ಸಂಖ್ಯೆ ಕತೆಯುದ್ದಕ್ಕೂ ಇಳಿಯುತ್ತ ಬರುತ್ತದೆ. ಆದರೆ ಅದು ಮೇಲೆ ಕೂತವರ ಎಣಿಕೆ. ಕಾಲಿನ್ಸ್ ಅವರದು ಮಕ್ಕಳೇ ತಮ್ಮ ತಮ್ಮಲ್ಲಿ ಹಾಕಿಕೊಂಡ ಲೆಕ್ಕ. ಹದಿಹರೆಯದವರಿಗಾಗಿ ಕರಾಳ ಭವಿಷ್ಯವನ್ನು ಕಲ್ಪಿಸುವ ಈ ಪಂಥದ ಒಳ್ಳೆಯ ಪುಸ್ತಕಗಳ ಗುಣವೇ ಇದು: ವ್ಯವಸ್ಥೆಯ ಕ್ರೌರ್ಯವನ್ನು ಒಂದು ಮಗು ಬೆರಳಲ್ಲಿ ಎಣಿಸಬಹುದಾದಷ್ಟು ಚಿಕ್ಕದಾಗಿಸಿ ತೋರಿಸುವುದು. 1993ರಷ್ಟು ಹಿಂದೆಯೇ ಲೋಯಿಸ್ ಲೌರಿ ‘ದಿ ಗಿವರ್’ನಲ್ಲಿ ಇದನ್ನು ಸಾಧಿಸಿದ್ದರು. ಅಲ್ಲಿ ಜೋನಸ್‌ನ ತಂದೆ ಅವಳಿ ಕೂಸುಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ತೂಕ ಕಡಿಮೆಯಿದ್ದ ಕೂಸಿನ ಹಣೆಯ ನರಕ್ಕೆ ಸೂಜಿ ಚುಚ್ಚುತ್ತಾನೆ, ಅದೂ ಮಕ್ಕಳನ್ನು ಮಾತಾಡಿಸುವ ಅದೇ ಮುದ್ದು ದನಿಯಲ್ಲಿ. ಹುಡುಗ ಅದನ್ನು ಪರದೆಯ ಮೇಲೆ ನೋಡುತ್ತಾನೆ. ಖಳನಾಯಕನಿಲ್ಲ, ಸೈನ್ಯವಿಲ್ಲ, ಒಂದು ತಕ್ಕಡಿ, ಒಬ್ಬ ಒಳ್ಳೆಯ ಅಪ್ಪ. ಲೌರಿಯವರ ವಾಕ್ಯಗಳು ಇಲ್ಲಿ ಸುದ್ದಿ ಹೇಳುವಷ್ಟೇ ಸಪ್ಪೆಯಾಗಿರುವುದು ಬರವಣಿಗೆಯ ಪಾಠ ಬಯಸುವವರು ಗಮನಿಸಬೇಕಾದ ಸಂಗತಿ.

ಕಾಲಿನ್ಸ್ ಗೆದ್ದ ಮೇಲೆ ಬಂದ ಪ್ರವಾಹ ಈ ಲೆಕ್ಕವನ್ನು ಬಿಟ್ಟು ಸಮಾರಂಭವನ್ನು ಹಿಡಿದುಕೊಂಡಿತು. ವೆರೊನಿಕಾ ರಾತ್ ವಿದ್ಯಾರ್ಥಿನಿಯಾಗಿದ್ದಾಗಲೇ ಬರೆದ ‘ಡೈವರ್ಜೆಂಟ್’ (2011) ಓಡುವ ವೇಗ ಅದ್ಭುತ; ರೈಲಿಗೆ ಹಾರಿಕೊಳ್ಳುವ ಆ ಪುಟಗಳನ್ನು ಕೆಳಗಿಡಲಾಗುವುದಿಲ್ಲ. ಶಿಕಾಗೊ ನಗರದ ಜನ ಐದು ಗುಣಗಳ ಐದು ಬಣಗಳಾಗಿ ಬದುಕುತ್ತಾರೆ. ಯಾವ ಬಣಕ್ಕೂ ಸೇರದವರು ಬಸ್ ಓಡಿಸುತ್ತಾರೆ, ಕಸ ಎತ್ತುತ್ತಾರೆ. ಲೆಕ್ಕ ಇರುವುದೇ ಅವರ ಹತ್ತಿರ, ಆದರೆ ಮೊದಲ ಪುಸ್ತಕ ಅವರನ್ನು ಹಾದು ಹೋಗುತ್ತದಷ್ಟೆ. ಕತೆಗೆ ಬೇಕಾದದ್ದು ಒಂದು ಬಣಕ್ಕೆ ಮಾತ್ರ ಸಲ್ಲದ, ವಿಶೇಷವಾಗಿಯೇ ಹುಟ್ಟಿದ ಟ್ರಿಸ್. ಕ್ಯಾಟ್ನಿಸ್ ತಂಗಿಯ ಬದಲು ತಾನೇ ಮುಂದೆ ಬಂದು ನಾಯಕಿಯಾದವಳು. ಟ್ರಿಸ್ ಪರೀಕ್ಷೆಯ ಫಲಿತಾಂಶದಿಂದ ಆದವಳು. ಹದಿಹರೆಯದ ಓದುಗರಿಗೆ ಎರಡನೆಯದು ಹೆಚ್ಚು ಹಿತ, ನಿಜ. ಹಿತವಾದದ್ದೆಲ್ಲ ಗಟ್ಟಿಯಲ್ಲ.

ನಿರೂಪಣೆಯ ವಿಷಯದಲ್ಲೂ ಅನುಕರಣೆ ಹಾಗೆಯೇ ಆಯಿತು. ‘ನಾನು ಓಡುತ್ತೇನೆ, ನಾನು ನೋಡುತ್ತೇನೆ’ ಎಂಬ ವರ್ತಮಾನದ ಉತ್ತಮ ಪುರುಷ ಈ ಪಂಥದ ಮುದ್ರೆಯೇ ಆಗಿಹೋಯಿತು. ಹೇಳುವವರು ಬದುಕಿ ಉಳಿಯುತ್ತಾರೆ ಎಂಬ ಖಾತರಿಯನ್ನು ಅದು ಕಿತ್ತುಕೊಳ್ಳುತ್ತದೆ, ಸರಿ. ಆದರೆ ಒಬ್ಬರ ಕಣ್ಣಿಗೆ ಬೀಳದ್ದು ಪುಸ್ತಕಕ್ಕೂ ಬೀಳದು. ರಾತ್ ಮೂರನೇ ಭಾಗದಲ್ಲಿ ಟ್ರಿಸ್‌ಳನ್ನು ಸಾಯಿಸಬೇಕಾದ್ದರಿಂದ ಇನ್ನೊಬ್ಬ ನಿರೂಪಕನನ್ನು ತಂದರು. ಇಬ್ಬರ ದನಿಯೂ ಒಂದೇ ಥರ ಕೇಳಿಸುತ್ತದೆ. ಕಾಲಿನ್ಸ್ ತಮ್ಮ ಮೂರನೇ ಭಾಗವಾದ ‘ಮಾಕಿಂಗ್‌ಜೇ’ಯಲ್ಲಿ (2010) ಆ ಕುರುಡನ್ನೇ ಬಳಸಿಕೊಂಡರು. ಕ್ಯಾಟ್ನಿಸ್ ಪದೇಪದೇ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾಳೆ. ಅವಳ ಜತೆ ಕಣಕ್ಕಿಳಿದಿದ್ದ ಪೀಟಾನ ಬಿಡುಗಡೆಯಂಥ ಸಾಹಸವೂ ಅವಳಿಲ್ಲದೆಡೆ ನಡೆದುಹೋಗುತ್ತದೆ. ನಾಯಕಿ ಸುಮ್ಮನೆ ಮಲಗಿರುತ್ತಾಳೆಂದು ಗೊಣಗಿದ ಓದುಗರು ಬಹಳ. ನನಗೆ ಮೂರರಲ್ಲಿ ಇದೇ ಹೆಚ್ಚು ಪ್ರಾಮಾಣಿಕ ಪುಸ್ತಕ ಅನ್ನಿಸುತ್ತದೆ. ಆಟದ ಕಣದಲ್ಲಿ ಔಷಧಿ ತಂದಿದ್ದ ಪ್ಯಾರಾಚೂಟುಗಳೇ ಇಲ್ಲಿ ಬಾಂಬು ತರುತ್ತವೆ, ಗಾಯಗೊಂಡವರ ಬಳಿಗೆ ಧಾವಿಸಿದ ಪ್ರಿಮ್‌ಳನ್ನು ಕೊಲ್ಲುತ್ತವೆ. ಒಂದು ಚೀಟಿಯ ಬಾಕಿ ಹಾಗೆ ವಸೂಲಾಗುತ್ತದೆ.

ಪಂಥಕ್ಕೆ ಸರಿಯಾದ ಪ್ರಶ್ನೆ ಎತ್ತಿದವರು ಕೆನಡಾದ ಮೆಟಿ ಮೂಲನಿವಾಸಿ ಲೇಖಕಿ ಶೆರಿ ಡಿಮಲೀನ್. ‘ದಿ ಮ್ಯಾರೋ ಥೀವ್ಸ್’ನಲ್ಲಿ (2017) ಕನಸು ಕಾಣುವುದನ್ನೇ ಮರೆತ ಜನ ಮೂಲನಿವಾಸಿಗಳ ಮೂಳೆಮಜ್ಜೆಗಾಗಿ ಅವರನ್ನು ಬೇಟೆಯಾಡಿ ‘ಶಾಲೆ’ಗಳಿಗೆ ತುಂಬುತ್ತಾರೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಎಳೆದೊಯ್ದು ನುಡಿ ಕಸಿದ ವಸತಿ ಶಾಲೆಗಳು ಕೆನಡಾದಲ್ಲಿ 1990ರ ದಶಕದ ತನಕವೂ ಇದ್ದವು. ಹಾಗಾಗಿ ಇಲ್ಲಿ ಭವಿಷ್ಯವನ್ನು ಕಲ್ಪಿಸುವ ಕಷ್ಟವೇ ಇಲ್ಲ. ನಗರದ ನಕ್ಷೆ, ಬಣಗಳ ಪಟ್ಟಿ ಯಾವುದೂ ಬೇಕಾಗಿಲ್ಲ. ಕಾಡಲ್ಲಿ ನಡೆಯುವವರು ರಾತ್ರಿ ಕೂತು ತಾವು ಹೇಗೆ ಬಂದೆವು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಸಾಕು.

ಕಾಲಿನ್ಸ್ 2020ರಲ್ಲಿ ಪನೆಮ್‌ಗೆ ಮರಳಿದ್ದು ‘ನಾನು’ ಬಿಟ್ಟು, ಪ್ರಥಮ ಪುರುಷದಲ್ಲಿ, ಭೂತಕಾಲದಲ್ಲಿ. ಮುಂದೆ ಅಧ್ಯಕ್ಷನಾಗುವ ಸ್ನೋ ಇಲ್ಲಿ ಹದಿನೆಂಟರ ಹುಡುಗ, ಎಲೆಕೋಸಿನ ಸಾರು ಕುಡಿದು ಬಡತನ ಮುಚ್ಚಿಡುವವನು. ಸ್ಪರ್ಧಿಗಳಿಗೆ ದುಡ್ಡು ಕೊಟ್ಟು ಊಟ ಕಳಿಸುವ, ಅವರ ಮೇಲೆ ಬಾಜಿ ಕಟ್ಟುವ ಉಪಾಯ ಅವನದೇ. ಶಾಲೆಯಲ್ಲಿ ಕೊಟ್ಟ ಕೆಲಸವೆಂದು ಬರೆದು ಒಪ್ಪಿಸುತ್ತಾನೆ. ಅವನ ತಲೆಯೊಳಗೆ ನಮ್ಮನ್ನು ಕೂರಿಸಿಯೂ ಅವನ ಪರವಾಗಿ ವಾದಿಸದಿರಲು ಈ ಒಂದು ಅಂಗುಲದ ದೂರ ಬೇಕಿತ್ತು. ಕೊನೆಯ ಭಾಗ ಮಾತ್ರ ಅವಸರದ್ದು: ಕಾಡಿನಲ್ಲಿ ಅವನು ಕೆಡುವ ಬಗೆ, ಅದಕ್ಕೂ ಮೊದಲಿನ ಪುಟಗಳು ತಾಳ್ಮೆಯಿಂದ ಕಟ್ಟಿದ್ದಕ್ಕೆ ಹೋಲಿಸಿದರೆ, ತೀರ ಸಲೀಸು.